ಹೊಂಬಾಳಮ್ಮನ ಫಿಯಟ್ಟಿಗೆ ಇನ್ಸೂರೆನ್ಸ್ ಇಲ್ಲ

ಸುಳ್ಳು ಅನಿಸಿದರೆ ಎದ್ದು ಹೋಗು, ಬಾಗಿಲಿಗೇನೂ ಚಿಲಕ ಹಾಕಿಲ್ಲ. ಹೋಗುವ ಮುಂಚೆ ಒಂದು ಮಾತಿಗೆ ಜವಾಬು ಹೇಳಿ ಹೋಗು. ಅಟ್ಟಕ್ಕೆ ಹಾಕಿದ ತೆಂಗಿನಕಾಯಿ ಒಳಗಿಂದೊಳಗೇ ಒಣಗಿ, ಕರಟ ಬಿಟ್ಟು, ಅಲ್ಲಾಡಿಸಿದರೆ ಲೊಟಲೊಟ ಅನ್ನುವ ಕೊಬ್ಬರಿಯಾಗಲು ಎಷ್ಟು ಕಾಲ ಬೇಕು? ವರ್ಷ ಬೇಕು ಅಂತೀಯ. ಊರಿಗೆಲ್ಲ ವರ್ಷವೇ. ಗುಬ್ಬಿಯ ಹೊಂಬಾಳಮ್ಮನ ಕೊಬ್ಬರಿ ಮಂಡಿಯಲ್ಲಿ ಮಾತ್ರ ಅರ್ಧ ವರ್ಷ ಸಾಕಾಗುತ್ತಿತ್ತು. ಆಕೆ ಅಟ್ಟದ ಕೆಳಗೆ ಕೂತು ಬೈಯುತ್ತಿದ್ದ ಕಾವಿಗೆ ಮೇಲಿನ ಕಾಯಿಯ ನೀರು ಹಾಗೇ ಇಂಗಿಹೋಗುತ್ತಿತ್ತು. ತಿಪಟೂರಿನ ವ್ಯಾಪಾರಸ್ಥನೊಬ್ಬ ಇಲ್ಲೆಲ್ಲೋ ಒಲೆ ಬಚ್ಚಿಟ್ಟಿದ್ದಾರೆ ಅಂತ ಮಂಡಿಯ ಮೂಲೆ ಮೂಲೆ ತಡಕಾಡಿ, ಕೊನೆಗೆ ಹೊಂಬಾಳಮ್ಮನ ಮುಖ ನೋಡಿ, ಒಲೆ ಸಿಕ್ಕಿತು ಅಂತ ಹೇಳಿ ಹೋದ.

ಆಕೆ ಕಾರು ಓಡಿಸುತ್ತಿದ್ದಳು ಅನ್ನುವುದನ್ನೂ ನಂಬುವುದಿಲ್ಲವೋ? ಮೊದಮೊದಲು ಊರೂ ನಂಬಿರಲಿಲ್ಲ.

ಎಂಬತ್ತನೇ ಇಸವಿಯ ಆಚೀಚಿನ ಮಾತು ಇದು. ಗಂಡ ತೀರಿಕೊಂಡಾಗ ಹೊಂಬಾಳಮ್ಮನ ಪಾಲಿಗೆ ಉಳಿದದ್ದು ಅರ್ಧ ಮಂಡಿ, ಅರ್ಧ ಫಿಯಟ್ಟು. ಉಳಿದರ್ಧ ಮೈದುನ ಪುಟ್ಟರಂಗಯ್ಯನದು. ಮಂಡಿಯನ್ನಾದರೆ ಗೋಡೆ ಎಬ್ಬಿಸಿ ಪಾಲು ಮಾಡಬಹುದು. ಫಿಯಟ್ಟಿನಲ್ಲಿ ಎಲ್ಲಿ ಗೋಡೆ ಎಬ್ಬಿಸುವುದು? ಹಾಗಾಗಿ ಎರಡೂ ಕೂಡಿಯೇ ಉಳಿದವು. ಪುಟ್ಟರಂಗಯ್ಯ ಲೆಕ್ಕದ ಮನುಷ್ಯ, ಕೆಟ್ಟವನಲ್ಲ. ಬಿಸಿ ಕಾಫಿಯನ್ನೂ ಮೊದಲು ಇನ್ನೊಬ್ಬರು ಕುಡಿದು ಏನೂ ಆಗದಿದ್ದರೆ ಆಮೇಲೆ ತಾನು ಕುಡಿಯುವ ಜಾತಿ. ಅವನು ಮಂಡಿ ಕಾಯುತ್ತಿದ್ದ, ಅತ್ತಿಗೆ ತೋಟ ತಿರುಗಿ ಕಾಯಿ ಖರೀದಿ ಮಾಡುತ್ತಿದ್ದಳು. ಕಾರಿಗೆ ಅಂತ ಇದ್ದ ಡ್ರೈವರು ದಾರಿಯಲ್ಲಿ ಕಂಡ ಪ್ರತಿ ಹೋಟೆಲಿನ ಮುಂದೂ ಇಂಜಿನ್ನು ಬಿಸಿಯಾಗಿದೆ ಅಂತ ನಿಲ್ಲಿಸಿ ಟೀ ಕುಡಿಯುತ್ತಿದ್ದ. ಒಂದು ದಿನ ಅವನು ಟೀ ಕುಡಿದು ಬರುವಷ್ಟರಲ್ಲಿ ಹೊಂಬಾಳಮ್ಮ ಅವನ ಸೀಟಿನಲ್ಲಿ ಕೂತಿದ್ದಳು. ಇಂಜಿನ್ನಲ್ಲ ಕಣೋ ಬಿಸಿಯಾಗಿರೋದು ಅಂದಳಂತೆ. ಆ ಡ್ರೈವರು ಆಮೇಲೆ ಜನ್ಮದಲ್ಲಿ ಟೀ ಮುಟ್ಟಲಿಲ್ಲ.

ಬೇಸಿಗೆಯಲ್ಲಿ ಒಣಗಿದ ಗುಬ್ಬಿ ಕೆರೆಯ ಅಂಗಳದಲ್ಲಿ ಆಕೆ ತಾನೇ ಕಲಿತಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ದಿಂಬಿನ ಮೇಲೆ ಕೂತು, ಸ್ಟಿಯರಿಂಗಿನ ಪಕ್ಕದ ಗೇರಿನ ಕಡ್ಡಿಯನ್ನು ರಾಗಿ ಕಲ್ಲಿನ ಗೂಟ ತಿರುವಿದ ಹಾಗೆ ತಿರುವುತ್ತಿದ್ದಳು. ಆ ಸದ್ದಿಗೆ ಕೆರೆಯ ಬಿರುಕಿನಲ್ಲಿ ಮಲಗಿದ್ದ ಕಪ್ಪೆಗಳು ಮಳೆಗಾಲ ಬಂತು ಅಂತ ಎದ್ದು ಕೂತವಂತೆ.

ಓಡಿಸಲು ಬಂತು, ಓಡಲು ದಾರಿ ಸಿಗಲಿಲ್ಲ. ಅದೇ ಆಕೆಯ ಸಂಕಟ. ಗುಬ್ಬಿಯಿಂದ ತುಮಕೂರಿಗೆ ಹೊರಟರೆ ಮುಂದೆ ಹುಲ್ಲಿನ ಗಾಡಿ. ಅದು ತಿರುಗಿಕೊಂಡರೆ ಹೊಗೆ ಕಾರುವ ಬಸ್ಸು. ಬಸ್ಸು ನಿಂತರೆ ಎಮ್ಮೆ. ಎಮ್ಮೆ ದಾಟಿದರೆ ಮದುವೆ ದಿಬ್ಬಣ. ನಾಕನೇ ಗೇರು ಹಾಕಿ ಕೈ ತೆಗೆಯುವಷ್ಟರಲ್ಲಿ ಮತ್ತೆ ಎರಡನೆಯದು. ಗಂಡಸರು ಬೇಕಂತಲೇ ದಾರಿ ಬಿಡುತ್ತಿರಲಿಲ್ಲ ಅನ್ನುವುದೂ ನಿಜ. ಹೆಂಗಸು ಹಾರನ್ನು ಒತ್ತಿದರೆ ಸೈಕಲ್ಲಿನವನೂ ನಡುರಸ್ತೆಗೆ ಬರುತ್ತಿದ್ದ. ಎದುರಿಗೆ ಯಾರೂ ಇಲ್ಲದ ದಾರಿಯಲ್ಲಿ, ನಾಕನೇ ಗೇರಿನಲ್ಲಿ, ಕಾಲು ಎತ್ತದೆ ಒಂದೇ ಒಂದು ಸಲ ಹೋಗಬೇಕು: ಒಡವೆ ಕೇಳದ, ಕಾಶಿ ಕೇಳದ ಹೊಂಬಾಳಮ್ಮ ಜೀವದಲ್ಲಿ ಆಸೆಪಟ್ಟದ್ದು ಇಷ್ಟನ್ನೇ.

ಅಂಥ ದಾರಿ ಕುಣಿಗಲ್ಲಿನ ಆಚೆ ಇದೆ ಅಂತ ತುಮಕೂರಿನ ಪೆಟ್ರೋಲ್ ಬಂಕಿನಲ್ಲಿ ತಿಳಿಯಿತು. ಯಾರೋ ಸಾಹುಕಾರರು ಕುದುರೆ ಪಳಗಿಸಲು ಮಾಡಿಸಿದ್ದ ಕೆಮ್ಮಣ್ಣಿನ ಸುತ್ತು. ಕುದುರೆಗಳು ಹೋದ ಮೇಲೆ ಖಾಲಿ ಬಿದ್ದಿತ್ತು. ಬೆಂಗಳೂರಿನ ಕಾರಿನ ಕ್ಲಬ್ಬಿನವರು ಅದನ್ನು ಒಂದು ಭಾನುವಾರಕ್ಕೆ ಹಿಡಿದಿದ್ದರು. ಪಂದ್ಯವಲ್ಲ, ಬಹುಮಾನವಿಲ್ಲ, ಯಾರು ಬೇಕಾದರೂ ತಮ್ಮ ತಮ್ಮ ಕಾರು ತಂದು, ಸರದಿಯಂತೆ, ಮನಸ್ಸಿಗೆ ಬಂದಷ್ಟು ಜೋರಾಗಿ ಸುತ್ತು ಹೊಡೆಯಬಹುದು. ಬಂಕಿನಲ್ಲಿ ಹೀಗೆ ಮಾತಾಡಿಕೊಳ್ಳುತ್ತಿದ್ದ ತಂಪು ಕನ್ನಡಕದ ತರುಣರನ್ನು ಹೊಂಬಾಳಮ್ಮ ತಾನೂ ಬರಬಹುದಾ ಅಂತ ಕೇಳಿದಳು. ಅವರಲ್ಲೊಬ್ಬ, ಅದಕ್ಕೇನಮ್ಮ, ಡ್ರೈವರನ್ನು ಕಳಿಸಿ, ನೀವು ಕೊಡೆ ಹಿಡಿದು ನೆರಳಲ್ಲಿ ಕೂತು ನೋಡಬಹುದು ಅಂದ. ಆವತ್ತು ಬಂಕಿನಲ್ಲಿ ಪೆಟ್ರೋಲು ಹತ್ತಿಕೊಳ್ಳದೆ ಉಳಿದದ್ದು ದೇವರಾಯನದುರ್ಗದ ಸ್ವಾಮಿಯ ದಯೆ.

ಮನೆಗೆ ಬಂದು ಮೈದುನನಿಗೆ ಹೇಳಿದಳು. ಪುಟ್ಟರಂಗಯ್ಯ ಬೇಡ ಅನ್ನಲಿಲ್ಲ, ಅದಕ್ಕಿಂತ ಕೆಟ್ಟದ್ದನ್ನು ಮಾಡಿದ: ನ್ಯಾಯವಾದ ಮಾತಾಡಿದ. ಕಾರು ಇಬ್ಬರದ್ದು. ಮಂಡಿಗೆ ಅದೇ ಕಾಲು. ಆ ಸುತ್ತಿನಲ್ಲಿ ಅದು ಮಗುಚಿಕೊಂಡರೆ ಕಾಯಿ ಖರೀದಿ ನಿಂತು ಎರಡು ಸಂಸಾರ ಬಾಯಿ ಬಿಡಬೇಕಾಗುತ್ತದೆ. ಇನ್ಸೂರೆನ್ಸಿನವರು ಹೊಣೆ ಹೊರುವುದಾದರೆ ತನ್ನ ಅಡ್ಡಿಯಿಲ್ಲ.

"ಇನ್ಸೂರೆನ್ಸ್ ಮಾಡಿಸ್ಕೊಂಡ್ ಬಾ ಅತ್ಗಮ್ಮ, ಕೀ ನಾನೇ ಕೈಯಾರೆ ಕೊಡ್ತೀನಿ," ಅಂದ.

ಹೊಂಬಾಳಮ್ಮನಿಗೆ ಕೋಪ ಬಂದದ್ದೇ ಅವನು ಹೇಳಿದ್ದರಲ್ಲಿ ತಪ್ಪು ಸಿಗಲಿಲ್ಲವಲ್ಲ ಅಂತ. ಆ ಭರದಲ್ಲಿ ಎದ್ದು ಹೋಗಿ ಮಂಡಿಯ ತಕ್ಕಡಿಯನ್ನು ಮುಟ್ಟಿದಳು. ಮುಟ್ಟಿ, ಇನ್ಸೂರೆನ್ಸ್ ಇಲ್ಲದೆ ಈ ಕಾರಿನ ಗಾಲಿ ಆ ಸುತ್ತಿನ ಮಣ್ಣು ಸೋಕುವುದಿಲ್ಲ ಅಂದುಬಿಟ್ಟಳು. ಮಂಡಿಯವರಿಗೆ ಇದಕ್ಕಿಂತ ದೊಡ್ಡ ಆಣೆ ಇಲ್ಲ. ದೇವರ ಮೇಲೆ ಆಣೆ ಇಟ್ಟು ತಪ್ಪಿದರೆ ತಪ್ಪುಗಾಣಿಕೆ ಹಾಕಬಹುದು. ತಕ್ಕಡಿ ಮುಟ್ಟಿ ತಪ್ಪಿದವರ ಮಂಡಿಗೆ ಯಾವ ರೈತನೂ ಕಾಯಿ ಹಾಕುವುದಿಲ್ಲ.

ಮಾರನೆಯ ಬೆಳಿಗ್ಗೆ ತುಮಕೂರಿನ ಇನ್ಸೂರೆನ್ಸ್ ಆಫೀಸು. ಅಲ್ಲಿನ ಅಧಿಕಾರಿ ಯೋಗನರಸಿಂಹ ಬಲು ಮೃದು ಮನುಷ್ಯ, ಹೆಸರಿಗೆ ತಕ್ಕಂತೆ ಸದಾ ಯೋಗದಲ್ಲಿ ಕೂತವರ ಹಾಗೆ ಅರ್ಧ ಕಣ್ಣು ಮುಚ್ಚಿಕೊಂಡೇ ಮಾತಾಡುವವರು. ಕೂತುಕೊಳ್ಳಿ ತಾಯಿ ಅಂದರು, ನೀರು ತರಿಸಿದರು. ವಿಷಯ ಕೇಳಿ ಇಲ್ಲ ಅಂದರು. ರಸ್ತೆಯ ಮೇಲೆ ಏನಾದರೂ ಆಗಲಿ, ಕಂಪನಿ ಹೊಣೆ. ರೇಸು, ಪಂದ್ಯ, ವೇಗದ ಪರೀಕ್ಷೆ, ಅಂಥ ಯಾವುದಕ್ಕೂ ಪಾಲಿಸಿಯಲ್ಲಿ ಜಾಗವಿಲ್ಲ.

ರಸ್ತೆಯಲ್ಲಿ ಎದುರಿಗೆ ಲಾರಿ ಬರುತ್ತದೆ, ಅಡ್ಡ ದನ ಬರುತ್ತದೆ, ಕುಡಿದವನು ಬರುತ್ತಾನೆ. ಅಲ್ಲಿ ಹೊಣೆ ಹೊರುತ್ತೀರಿ. ಯಾರೂ ಬಾರದ ಸುತ್ತಿನಲ್ಲಿ ಒಬ್ಬಳೇ ಹೋದರೆ ಹೊರುವುದಿಲ್ಲ. ಇದು ಯಾವ ಸೀಮೆಯ ನ್ಯಾಯ ಅಂತ ಹೊಂಬಾಳಮ್ಮ ಕೇಳಿದಳು. ಯೋಗನರಸಿಂಹ ಉಳಿದರ್ಧ ಕಣ್ಣನ್ನೂ ಮುಚ್ಚಿಕೊಂಡರು. ಆಗ ಆಕೆಗೆ ಆ ಸುತ್ತಿನ ಹಳೆಯ ಕುದುರೆಗಳ ನೆನಪಾಯಿತು.

"ಅಲ್ಲಿ ಓಡ್ತಿದ್ದ ಕುದುರೆಗಳಿಗೆ ಇನ್ಸೂರೆನ್ಸ್ ಇತ್ತಾ?"

"ಕುದುರೆಗೆ ಇರುತ್ತೆ ತಾಯಿ. ಅದು ಬೇರೆ ಪಾಲಿಸಿ."

"ರೇಸಿನ ಕುದುರೆಗೂ?"

"ರೇಸಿನ ಕುದುರೆಗೂ."

"ಹಂಗಾದ್ರೆ ಬರ್ಕೊಳಪ್ಪ. ಈ ಕಾರಲ್ಲಿ ನಲವತ್ತು ಕುದುರೆ ಶಕ್ತಿ ಐತೆ ಅಂತ ಮಾರಿದೋರೇ ಹೇಳವ್ರೆ. ನಲವತ್ತು ಕುದುರೆ ಅಂತ ಬರ್ದು ಮುದ್ರೆ ಒತ್ತು."

ಯೋಗನರಸಿಂಹ ನಕ್ಕರು. ನಗಬಾರದಿತ್ತು. ಮಾರನೆಯ ದಿನ ಹೊಂಬಾಳಮ್ಮ ಫಿಯಟ್ಟನ್ನು ತಂದು ಆಫೀಸಿನ ಬಾಗಿಲಿಗೆ ಅಡ್ಡವಾಗಿ, ಒಂದು ಬೆರಳೂ ತೂರದ ಹಾಗೆ ನಿಲ್ಲಿಸಿ, ಒಳಗಿನಿಂದ ಗಾಜು ಏರಿಸಿಕೊಂಡು ಕೂತಳು. ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ. ಗುಮಾಸ್ತರ ಊಟದ ಡಬ್ಬಿಗಳು ಕಾರಿನ ನೆತ್ತಿಯ ಮೇಲೆ ಹಾಯ್ದು ಒಳಗೆ ಹೋದವು. ಒಬ್ಬ ಗುಮಾಸ್ತನ ಮದುವೆ ನಿಶ್ಚಯ ಕೂಡ ಕಿಟಕಿಯ ಕಂಬಿಯ ಆಚೀಚೆಯೇ ನಡೆದು ತಾಂಬೂಲ ಬದಲಾಯಿತು ಅಂತ ಹೇಳುತ್ತಾರೆ. ಅದು ನನಗೂ ಸ್ವಲ್ಪ ಅನುಮಾನ, ಬಿಡು.

ಸಂಜೆಗೆ ಯೋಗನರಸಿಂಹರೇ ಕಿಟಕಿಗೆ ಬಂದು ಕೈ ಮುಗಿದರು. ನಿಮ್ಮ ಮಂಡಿ ನಮ್ಮ ಹಳೆಯ ಗಿರಾಕಿ, ನಿಮ್ಮ ಕೊಬ್ಬರಿ ಲಾರಿ ಹೊರಟಾಗಲೆಲ್ಲ ಸಾಗಣೆಯ ಇನ್ಸೂರೆನ್ಸ್ ಮಾಡಿಕೊಡುತ್ತೇವಲ್ಲ, ಯಾವತ್ತಾದರೂ ಇಲ್ಲ ಅಂದಿದ್ದೇವಾ ಅಂದರು. ಗಾಜು ಸರ್ರನೆ ಇಳಿಯಿತು.

ಲಾರಿಗೆ ಏರಿಸಿದ ಸರಕು ಕೊಬ್ಬರಿಯೇ ಆಗಬೇಕಾ ಅಂತ ಆಕೆ ಕೇಳಿದಳು. ಬೆಲ್ಲ, ಅಡಿಕೆ, ಯಂತ್ರ, ಏನು ಬೇಕಾದರೂ ಆಗಬಹುದು ಅಂದರು ಅವರು. ಕಾರು ಯಂತ್ರವೇ ತಾನೇ? ಯಂತ್ರವೇ. ಗುಬ್ಬಿಯಿಂದ ಕುಣಿಗಲ್ಲಿನ ಬಯಲಿಗೆ ಹೋಗಿ ವಾಪಸು ಗುಬ್ಬಿಗೆ ಬರುವ ಸರಕಿಗೆ ಹೋಗಿ ಬರುವವರೆಗೂ ಹೊಣೆಯಾ? ಹೊಣೆ ಅಂದು ಕಾಗದಕ್ಕೆ ಮುದ್ರೆಯನ್ನೂ ಒತ್ತಿಕೊಟ್ಟರು, ಬಾಗಿಲು ಬಿಟ್ಟರೆ ಸಾಕಾಗಿದ್ದ ಆ ಮನುಷ್ಯ.

ಹೊಂಬಾಳಮ್ಮ ಎಡವಿದ್ದು ಇಲ್ಲಿ. ಕೊಬ್ಬರಿ ಮಂಡಿಯವರು ಮಾತ್ರ ಎಡವುವ ಕಡೆ. ಮಳೆಗಾಲದಲ್ಲಿ ದೂರ ಹೊರಟ ಕೊಬ್ಬರಿ ಮೂಟೆ ಹಾದಿಯಲ್ಲಿ ನೆಂದರೆ, ಲಾರಿ ನಿಲ್ಲಿಸಿ, ಮೂಟೆ ಇಳಿಸಿ, ಯಾವುದಾದರೂ ಕಣದಲ್ಲಿ ಹರವಿ ಒಣಗಿಸಿ ಮತ್ತೆ ಏರಿಸುವುದು ವಾಡಿಕೆ. ಹಾಗೆ ಇಳಿಸಿದಾಗ ಏನಾದರೂ ಆದರೂ ಕಂಪನಿಯವರು ಕಣ್ಣು ಮುಚ್ಚಿ ಹಣ ಕೊಟ್ಟಿದ್ದರು. ನಡುವೆ ಇಳಿಸಿ ಗಾಳಿಗೆ ಹಾಕಿದರೂ ಸರಕು ಸರಕೇ ಅಂತ ಮಂಡಿಯವರ ತಲೆಯಲ್ಲಿ ಕೂತಿತ್ತು. ಕಾರನ್ನೂ ಒಂದು ಗಳಿಗೆ ಇಳಿಸಿ, ಗಾಳಿಗೆ ಬಿಟ್ಟು, ಏರಿಸಿದರಾಯಿತು ಅಂದುಕೊಂಡಳು ಆಕೆ.

ಭಾನುವಾರ ಬೆಳಗಾಗುತ್ತಲೇ ಮೂಟೆ ಏರಿಸುವ ಕಟ್ಟೆಗೆ ಲಾರಿಯನ್ನು ಒತ್ತಿ ನಿಲ್ಲಿಸಿ, ಹಲಗೆ ಹಾಸಿ, ಹೊಂಬಾಳಮ್ಮ ತಾನೇ ಫಿಯಟ್ಟನ್ನು ಲಾರಿಯ ಮೇಲಕ್ಕೆ ಓಡಿಸಿದಳು. ಹಮಾಲಿಗಳು ಗಾಲಿಗಳಿಗೆ ತೆಂಗಿನ ಮಟ್ಟೆ ಒತ್ತುಕೊಟ್ಟು, ನಾರಿನ ಹಗ್ಗದಲ್ಲಿ ಮೂಟೆ ಕಟ್ಟಿದ ಹಾಗೆ ಕಟ್ಟಿದರು. ಲಾರಿ ಡ್ರೈವರು ಮಹಾದೇವಯ್ಯ, ಪಕ್ಕದಲ್ಲಿ ಪುಟ್ಟರಂಗಯ್ಯ, ಕಿಟಕಿಯ ಕಡೆ ಹೊಂಬಾಳಮ್ಮ. ಪುಟ್ಟರಂಗಯ್ಯ ಯಾಕೆ ಹೊರಟ ಅಂತೀಯಾ? ಆ ಲಾರಿ ಮಂಡಿಯದ್ದಲ್ಲ, ಅವನ ಸ್ವಂತದ್ದು, ಹೊಸದು. ಹೆಂಡತಿಯನ್ನು ತವರಿಗೆ ಒಬ್ಬಳನ್ನೇ ಕಳಿಸುತ್ತಿದ್ದವನು ಲಾರಿಯನ್ನು ಎಲ್ಲಿಗೂ ಒಂಟಿಯಾಗಿ ಕಳಿಸುತ್ತಿರಲಿಲ್ಲ.

ಬಯಲಿನಲ್ಲಿ ಆಗಲೇ ಕಾರುಗಳು ಸಾಲಾಗಿ ನಿಂತಿದ್ದವು. ಬಂಕಿನ ತರುಣರೂ ಇದ್ದರು. ಕೆಮ್ಮಣ್ಣಿನ ಸುತ್ತಿಗೆ ನೀರು ಹೊಡೆದು ಉರುಳೆ ಆಡಿಸಿದ್ದರು. ಎಣ್ಣೆ ಹಚ್ಚಿದ ರೊಟ್ಟಿ ಹೆಂಚಿನ ಹಾಗೆ ನುಣ್ಣಗೆ ಮಿನುಗುತ್ತಿತ್ತು. ಒಂದು ಗಾಡಿಯಿಲ್ಲ, ಎಮ್ಮೆಯಿಲ್ಲ, ದಿಬ್ಬಣವಿಲ್ಲ. ಹೊಂಬಾಳಮ್ಮ ಅದನ್ನು ನೋಡುತ್ತ ಸುಮ್ಮನೆ ನಿಂತಳು. ಆಕೆಯನ್ನು ಬಲ್ಲವರು ಆಕೆ ಸುಮ್ಮನೆ ನಿಂತದ್ದನ್ನು ಕಂಡದ್ದು ಅದೊಂದೇ ಸಲ.

ಹಲಗೆ ಹಾಸಿ, ಹಗ್ಗ ಬಿಚ್ಚಿ ಅಂತ ಆಕೆ ಹೇಳುವಷ್ಟರಲ್ಲಿ ಸ್ಕೂಟರಿನಲ್ಲಿ ಯೋಗನರಸಿಂಹ ಬಂದರು. ಮುದ್ರೆ ಒತ್ತಿದ ಮೇಲೆ ಪಾಪ ಅವರಿಗೆ ನಿದ್ದೆಯಿಲ್ಲ. ಎರಡು ಕಣ್ಣೂ ಪೂರ್ತಿ ತೆರೆದಿದ್ದರು.

"ತಾಯಿ, ಇಳಿಸ್ಬೇಡಿ. ಗಾಲಿ ನೆಲಕ್ಕೆ ತಾಕಿದ್ ಗಳಿಗೇಲಿ ನಮ್ಮ ಹೊಣೆ ಮುಗೀತು. ಲಾರಿ ಮೇಲಿದ್ರೆ ಸರಕು, ಕೆಳಗಿಳಿದು ಓಡಿದ್ರೆ ರೇಸು."

ಕೊಬ್ಬರಿ ಇಳಿಸಿದರೆ ಕೊಬ್ಬರಿಯೇ ಆಗಿರುತ್ತದಲ್ಲ ಅಂತ ಆಕೆ ವಾದ ಹೂಡಿದಳು. ಕೊಬ್ಬರಿ ಇಳಿದ ಮೇಲೆ ಓಡುವುದಿಲ್ಲ ತಾಯಿ ಅಂದರು ಯೋಗನರಸಿಂಹ. ಪುಟ್ಟರಂಗಯ್ಯ ಗಂಟಲು ಸರಿ ಮಾಡಿಕೊಂಡು, ತಕ್ಕಡಿ ಮುಟ್ಟಿದ್ದೆಯಲ್ಲ ಅತ್ತಿಗೆ ಅಂತ ಮೆಲ್ಲಗೆ ಹೇಳಿದ. ಸುತ್ತ ನಿಂತಿದ್ದವರು ನಕ್ಕರು. ಬಂಕಿನ ತರುಣ ಕೊಡೆ ತರಿಸಲಾ ಅಂತ ಕೇಳಿದ.

ಹೊಂಬಾಳಮ್ಮನ ಕಿವಿ ಕೆಂಪಾಯಿತು, ಮೂಗುಬೊಟ್ಟು ಕಾಯ್ದು ಕೆಂಡವಾಯಿತು. ಸೆರಗು ಬಿಗಿದು, ಲಾರಿಯ ಗಾಲಿಯ ಮೇಲೆ ಕಾಲಿಟ್ಟು ಹತ್ತಿ, ಕಟ್ಟಿದ್ದ ಫಿಯಟ್ಟಿನ ಬಾಗಿಲು ತೆಗೆದು ಒಳಗೆ ಕೂತಳು. ಮಹಾದೇವಯ್ಯನಿಗೆ ಲಾರಿಯನ್ನು ಸುತ್ತಿಗೆ ಬಿಡು ಅಂದಳು. ಕ್ಲಬ್ಬಿನವರು ಲಾರಿಗೆ ಅವಕಾಶವಿಲ್ಲ ಅಂದರು. ನಿಮ್ಮ ನಿಮ್ಮ ಕಾರು ತನ್ನಿ ಅಂದಿರಿ, ತಂದಿದ್ದೇನೆ, ಅದು ಯಾವುದರ ಮೇಲೆ ನಿಂತಿರಬೇಕು ಅಂತ ನೀವು ಹೇಳಿರಲಿಲ್ಲ ಅಂತ ಆಕೆ ಮೇಲಿನಿಂದಲೇ ಜವಾಬು ಕೊಟ್ಟಳು. ತಮಾಷೆಯಾದರೂ ಆಗಲಿ ಅಂತ ಅವರು ಒಪ್ಪಿದರು.

ಮಹಾದೇವಯ್ಯ ಕೊಬ್ಬರಿ ಸಾಗಿಸಿದವನು. ಸರಕು ಕುಲುಕಬಾರದು ಅನ್ನುವುದು ಅವನ ಕುಲಧರ್ಮ. ಎರಡನೇ ಗೇರು ಹಾಕಿ ಮೆರವಣಿಗೆಯ ದೇವರ ಹಾಗೆ ಹೊರಟ. ಮೇಲೆ ಫಿಯಟ್ಟು, ಫಿಯಟ್ಟಿನೊಳಗೆ ಸ್ಟಿಯರಿಂಗು ಹಿಡಿದು ಹೊಂಬಾಳಮ್ಮ. ಸುತ್ತು ಅರ್ಧ ಮುಗಿಯುವಷ್ಟರಲ್ಲಿ ಒಂದು ಕಾಗೆ ಬಂದು ಕಾರಿನ ನೆತ್ತಿಯ ಮೇಲೆ ಗೂಡು ಕಟ್ಟಲು ಕಡ್ಡಿ ಜೋಡಿಸತೊಡಗಿತಂತೆ. ಆ ತರುಣರು ಸಾಲಾಗಿ ನಿಂತು, ಕಾರು ಎದುರಿಗೆ ಬಂದಾಗ ಕೈ ಮುಗಿದು, ಮಂಗಳಾರತಿ ತಟ್ಟೆ ಎಲ್ಲಮ್ಮ ಅಂತ ಕೇಳಿದರು.

ನೋಡು, ಅಲ್ಲಿಯತನಕ ಆಕೆಗೆ ಬರುತ್ತಿದ್ದದ್ದೆಲ್ಲ ಬರೀ ಸಿಡುಕು. ಕೋಪ ಬಂದದ್ದು ಆಗ. ಲಾರಿ ನಿಂತಿತು. ಆಕೆ ಇಳಿದು ಬಂದು ಡ್ರೈವರಿನ ಬಾಗಿಲು ತೆಗೆದಳು.

"ಇಳಿ ಮಾದೇವಯ್ಯ."

ಅವನು ಇಳಿದ ಮೇಲೆ ಆಕೆ ಹತ್ತಿದಳೋ, ಅಥವಾ ಅವನ ಮೇಲೆ ಹಾಯ್ದೇ ಕೂತಳೋ, ಅವನಿಗೇ ಕೊನೆಯತನಕ ಗೊತ್ತಾಗಲಿಲ್ಲ. ಮಂಡಿಯ ಅಂಗಳದಲ್ಲಿ ಕಾಯಿ ತುಂಬಿದ ಲಾರಿಯನ್ನು ಹಿಂದಕ್ಕೆ ಮುಂದಕ್ಕೆ ಮಾಡಿ ಆಕೆಗೆ ಕೈ ಪಳಗಿತ್ತು. ಮುಂದಕ್ಕೆ ಮಾತ್ರ, ಅಷ್ಟು ದೂರ, ಎಂದೂ ಬಿಟ್ಟಿರಲಿಲ್ಲ. ಒಂದು, ಎರಡು, ಮೂರು. ಪುಟ್ಟರಂಗಯ್ಯ ಲಾರಿಯ ಹಿಂದೆ ಪಂಚೆ ಎತ್ತಿಕೊಂಡು ಓಡಿದ. ಮೊದಲ ತಿರುವು ದಾಟಿತು. ಮುಂದೆ ಸುತ್ತಿನ ಉದ್ದ, ನೆಟ್ಟಗೆ, ಖಾಲಿ. ಹೊಂಬಾಳಮ್ಮ ನಾಕನೇ ಗೇರು ಹಾಕಿ ಆಕ್ಸಿಲರೇಟರನ್ನು ಕಾಲಡಿಯ ಹಲಗೆಗೆ ಅಂಟಿಸಿದಳು. ಗಾಳಿ ಮುಖಕ್ಕೆ ಹೊಡೆಯಿತು, ತುರುಬು ಬಿಚ್ಚಿತು, ಕಣ್ಣಿನಲ್ಲಿ ನೀರು ಹಿಂದಕ್ಕೆ ಹರಿದು ಕಿವಿಗೆ ಹೋಯಿತು. ಯಾವ ಬಸ್ಸಿನ ಹಿಂದಿನ ಬಾಗಿಲೂ, ಯಾವ ಎಮ್ಮೆಯ ಹಿಂಗಾಲೂ, ಯಾವ ಗಂಡಸಿನ ಬೆನ್ನೂ ಎದುರಿಗಿರಲಿಲ್ಲ. ಆಕೆ ಬೈಯುತ್ತಲೇ ಇದ್ದಳು: ಬಂಕಿನವನನ್ನು, ಪಾಲಿಸಿ ಬರೆದವನನ್ನು, ಟೀ ಕುಡಿದವನನ್ನು, ಇಷ್ಟು ಬೇಗ ತೀರಿಕೊಂಡ ಗಂಡನನ್ನು.

ಎದ್ದ ಕೆಂಧೂಳು ಗಾಳಿಯಲ್ಲಿ ಸಾಗಿ ಮಾರ್ಕೋನಹಳ್ಳಿ ಜಲಾಶಯದ ಮೇಲೆ ಇಳಿಯಿತು. ಆ ವಾರ ಅಲ್ಲಿ ಬಲೆ ಹಾಕಿದವರಿಗೆಲ್ಲ ಖಾರ ಹಚ್ಚಿದ ಮೀನೇ ಸಿಕ್ಕಿದವು. ನಿಂತಲ್ಲೇ ಧೂಳು ಕುಡಿದ ತಂಪು ಕನ್ನಡಕದವರು ಮನೆಗೆ ಹೋದಾಗ ಅವರ ತಾಯಂದಿರು ಯಾರಪ್ಪ ನೀವು ಅಂತ ಕೇಳಿದರಂತೆ. ಮೂರು ಸುತ್ತು ಹೊಡೆದು ಹೊಂಬಾಳಮ್ಮ ಲಾರಿಯನ್ನು ಪುಟ್ಟರಂಗಯ್ಯನ ಮುಂದೆ ತಂದು ನಿಲ್ಲಿಸಿದಾಗ ಬಾನೆಟ್ಟಿನಿಂದ ಇಡ್ಲಿ ಹಬೆಯ ಹಾಗೆ ಹಬೆ ಏಳುತ್ತಿತ್ತು. ಹಗ್ಗದ ಒಂದು ಗಂಟೂ ಸಡಿಲಾಗಿರಲಿಲ್ಲ.

"ನನ್ ಹೊಸ ಲಾರಿ ಸಾಯಿಸ್ಬುಟ್ಯಲ್ಲ ಅತ್ಗಮ್ಮ," ಅಂದ ಪುಟ್ಟರಂಗಯ್ಯ, ಅಳುವ ದನಿಯಲ್ಲಿ.

"ನೀನು ಇನ್ಸೂರೆನ್ಸ್ ಕೇಳಿದ್ದು ಕಾರಿಗೆ. ಕಾರು ಮೇಲೈತೆ, ಹತ್ತಿ ನೋಡ್ಕೋ."

ಇಷ್ಟಕ್ಕೆ ಆಕೆಯ ಕೋಪ ಇಳಿದಿರಬೇಕು ಅಂತೀಯಲ್ಲವಾ? ಅಲ್ಲೇ ನೀನು ಹೊಂಬಾಳಮ್ಮನನ್ನು ತಿಳಿದಿಲ್ಲ. ವಾಪಸು ಬರುವಾಗಲೂ ಲಾರಿಯನ್ನು ಆಕೆಯೇ ಓಡಿಸಿದಳು. ಹೆಬ್ಬೂರು ದಾಟಿದ ಮೇಲೆ ಪುಟ್ಟರಂಗಯ್ಯನೇ, ಎಷ್ಟಾದರೂ ಒಳ್ಳೆಯವನು, ಬರುವ ವರ್ಷ ಕಾರನ್ನೇ ಓಡಿಸು ಅತ್ತಿಗೆ, ಆಣೆಯನ್ನು ನಾನು ಬಿಟ್ಟೆ ಅಂದ. ಹೊಂಬಾಳಮ್ಮ ಬ್ರೇಕು ಒತ್ತಿ ಲಾರಿಯನ್ನು ರಸ್ತೆಯ ಅಂಚಿಗೆ ನಿಲ್ಲಿಸಿಬಿಟ್ಟಳು.

"ನೀನು ಬುಡು ಅಂದ್ರೆ ಬುಡೋ ಮಾತಲ್ಲ ಕಣೋ ಅದು. ಮೇಲೆ ನನ್ ಕಾರು ಕೈಕಾಲು ಕಟ್ಟುಸ್ಕೊಂಡ್ ಕೂತದೆ, ಕುರಿ ಕೂತಂಗೆ. ಓಡ್ದೋಳು ನಾನು, ಅದು ಓಡ್ಲಿಲ್ಲ. ಇನ್ಸೂರೆನ್ಸ್ ಕೊಡಬೇಕಾದೋನು ಕೊಡೋಗಂಟ ಬುಡಲ್ಲ."

ಸೋಮವಾರ ಬೆಳಿಗ್ಗೆ ಯೋಗನರಸಿಂಹ ಆಫೀಸಿನ ಬೀದಿಯ ತಿರುವಿನಲ್ಲಿ ಸ್ಕೂಟರು ನಿಲ್ಲಿಸಿ, ಗೋಡೆಯ ಮರೆಯಿಂದ ಇಣುಕಿ ನೋಡುತ್ತಾರೆ, ಬಾಗಿಲಿಗೆ ಅಡ್ಡವಾಗಿ ಫಿಯಟ್ಟು. ಈ ಸಲ ಆಕೆ ಅಡುಗೆಯ ಸಾಮಾನನ್ನೂ ತಂದಿದ್ದಳು, ಬಾನೆಟ್ಟಿನ ಮೇಲೆ ರಾಗಿ ಹಿಟ್ಟಿನ ಡಬ್ಬ ಇಟ್ಟುಕೊಂಡು...

"ರೀ, ಒಬ್ರೇ ಕೂತು ಗೋಡೆಗೆ ಕತೆ ಹೇಳಿದ್ದು ಸಾಕು ಬನ್ನಿ. ಮುದ್ದೆ ಆರ್ತಾ ಐತೆ."

ಬಂದೆ ಕಣೇ ಶಾರದ, ಬಂದೆ. ಸಾರು ಯಾವುದು?